ಬರಡು ಎಂದು ಬರೆದವಳು ನಾನೇ

ಆ ಅರ್ಜಿ ಬರೆದದ್ದು ಒಂದು ಸೋಮವಾರ, ಮಧ್ಯಾಹ್ನದ ಊಟದ ಗಂಟೆ ಬಾರಿಸುವುದಕ್ಕೆ ಸ್ವಲ್ಪ ಮೊದಲು. ಮುಖ್ಯೋಪಾಧ್ಯಾಯರು ಬಿಳಿ ಹಾಳೆಯೊಂದನ್ನು ನನ್ನ ಮುಂದಿಟ್ಟು, “ಮೇಡಂ, ನಿಮ್ಮ ಅಕ್ಷರಾನೂ ಚೆನ್ನಾಗೈತೆ, ಭಾಷೇನೂ ಚೆನ್ನಾಗೈತೆ, ನೀವೇ ಬರೆದುಬಿಡ್ರಿ” ಎಂದರು. ಹೊಗಳಿಕೆಗೆ ನಾನು ಬಲುಬೇಗ ಕರಗುವವಳು. ಪೆನ್ನು ತೆಗೆದು ಕೂತೆ.

ನಾನು ಚಳ್ಳಕೆರೆಯಲ್ಲಿ ಮನೆ ಮಾಡಿಕೊಂಡು, ದೊಡ್ಡಉಳ್ಳಾರ್ತಿಗೆ ಹೋಗುವ ದಾರಿಯಲ್ಲಿನ ಒಂದು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ತವರು ಮೊಳಕಾಲ್ಮೂರು. ಶಾಲೆಯ ಪರಿಸರ ಸಂಘದ ಹೊಣೆ ಆಗ ನನ್ನದು. ಬಹಳ ಶಾಲೆಗಳಲ್ಲಿ ಅದು ದಾಖಲೆ ಪುಸ್ತಕದಲ್ಲಿ ಮಾತ್ರ ಇರುವ ಸಂಘ. ನಾನು ಹಾಗಿರಲಿಲ್ಲ. ಆ ಸಂಘವನ್ನು ಮನೆಗೆ, ಬೀದಿಗೆ, ಮಾರ್ಕೆಟ್ಟಿಗೆ ಹೊತ್ತುಕೊಂಡು ತಿರುಗುತ್ತಿದ್ದೆ. ತರಕಾರಿಗೆ ಬಟ್ಟೆ ಚೀಲ, ಹೂವಿಗೆ ಮುತ್ತುಗದ ಎಲೆ, ಹೋಟೆಲಿನಿಂದ ಸಾಂಬಾರು ತರುವುದಿದ್ದರೆ ಸ್ಟೀಲ್ ಡಬ್ಬಿ. ಮಾರ್ಕೆಟ್ಟಿನ ಈರುಳ್ಳಿ ಸಾಬರು ನನ್ನನ್ನು ದೂರದಿಂದಲೇ ಕಂಡು, “ಥೈಲಿ ಮೇಡಂ ಬಂದ್ರು, ಕವರ್ ಎಲ್ಲ ಒಳಗಿಡ್ರೋ” ಎಂದು ಪಕ್ಕದವರಿಗೆ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೆ ಖುಷಿಯೇ ಆಗುತ್ತಿತ್ತು.

ಮನೆಯಲ್ಲಿ ಗಂಡ ಒಮ್ಮೆ, “ನೀನೊಬ್ಬಳು ಕವರ್ ಬಿಟ್ಟರೆ ಪ್ರಪಂಚ ಉಳಿಯುತ್ತಾ?” ಎಂದು ಕೇಳಿದ್ದರು. “ಎಲ್ಲರೂ ಹಿಂಗೇ ಕೇಳ್ತಾ ಕೂತ್ರೆ ಉಳಿಯಲ್ಲ” ಎಂದಿದ್ದೆ. ಆ ಉತ್ತರ ಸರಿ ಎಂದು ಆಗ ನನಗೆ ಕಿಂಚಿತ್ತೂ ಅನುಮಾನವಿರಲಿಲ್ಲ.

ಶಾಲೆಯ ಅಡಿಗೆಮನೆಗೆ ದಿನಕ್ಕೊಂದು ಸಲ ಹೋಗುವುದು ನನ್ನ ವಾಡಿಕೆ. ತರಕಾರಿ ಸಿಪ್ಪೆ ಗೊಬ್ಬರದ ಗುಂಡಿಗೆ ಬಿತ್ತೋ ಇಲ್ಲವೋ, ಎಣ್ಣೆ ಪ್ಯಾಕೆಟ್ಟುಗಳನ್ನು ಬೇರೆ ಇಟ್ಟರೋ ಸುಟ್ಟರೋ, ಇದೆಲ್ಲ ನೋಡುವುದು. ಬಿಸಿಯೂಟ ಮಾಡುತ್ತಿದ್ದ ಅಕ್ಕ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬಹುದು. ಆಕೆಯ ಮನೆ ಊರಾಚೆ, ಕಾವಲಿನ ಅಂಚಿಗಿದ್ದ ಕುರುಬರ ಹಟ್ಟಿಯಲ್ಲಿ. ಆಕೆಯ ಗಂಡನಿಗೂ ಗಂಡನ ಅಣ್ಣನಿಗೂ ಕುರಿಗಳಿದ್ದವು. ಅನ್ನ ಬೇಯುವಷ್ಟು ಹೊತ್ತು ಆಕೆ ಸುಮ್ಮನೆ ಕೂರುತ್ತಿರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಕದಿರನ್ನು ತೆಗೆದು, ಕುಕ್ಕರಗಾಲಲ್ಲಿ ಕೂತು ಕುರಿಯುಣ್ಣೆಯ ನೂಲು ತೆಗೆಯುತ್ತಿದ್ದಳು. ಕಣ್ಣು ಒಲೆಯ ಮೇಲೆ, ಕೈ ಕದಿರಿನ ಮೇಲೆ. ಆ ನೂಲಿನಿಂದ ಹಟ್ಟಿಯಲ್ಲೇ ಕಂಬಳಿ ನೇಯುತ್ತಿದ್ದರು. ನಾನು ಅಲ್ಲಿ ಹೋಗಿ, “ಅಕ್ಕಾ, ಗ್ಯಾಸ್ ಸಣ್ಣಗೆ ಮಾಡು, ಸುಮ್ಮನೆ ಉರೀತೈತೆ” ಎಂದು ಪಾಠ ಹೇಳಿ ಬರುತ್ತಿದ್ದೆ. “ಆಗ್ಲಿ ಮೇಡಂ” ಎನ್ನುತ್ತಿದ್ದಳು.

ಅರ್ಜಿಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಒಂದು ಕಂಪನಿಯವರು ಗಿಡ ನೆಡಿಸಲು ಮುಂದೆ ಬಂದಿದ್ದರು. ಅವರ ಪರವಾಗಿ ಒಂದು ಸಂಸ್ಥೆಯ ಇಬ್ಬರು, ಒಬ್ಬ ಯುವಕ, ಒಬ್ಬಳು ಯುವತಿ, ಏಪ್ರಿಲ್ ಬಿಸಿಲಲ್ಲಿ ಜೀಪಿನಲ್ಲಿ ಶಾಲೆಗೆ ಬಂದರು. ಕಾವಲೆಂದರೆ ಹಿಂದಿನಿಂದ ದನಕರುಗಳ ಮೇವಿಗೆಂದೇ ಬಿಟ್ಟಿದ್ದ ಹುಲ್ಲುಗಾವಲು. ಅದರಲ್ಲಿ ಬಹುಪಾಲಿಗೆ ಆಗಲೇ ಗೋಡೆಗಳೆದ್ದು ಒಳಗೆ ದೊಡ್ಡ ದೊಡ್ಡ ಸಂಸ್ಥೆಗಳು ಬಂದಿದ್ದವು. ಹೊರಗೆ ಉಳಿದದ್ದರಲ್ಲಿ ಊರಿಗೆ ಹತ್ತಿರದ ಒಂದು ತುಂಡು ಇವರ ಕಣ್ಣಿಗೆ ಬಿದ್ದಿತ್ತು. ಯುವತಿ ತನ್ನ ಟ್ಯಾಬ್ ತೆರೆದು ಆಕಾಶದಿಂದ ತೆಗೆದ ಚಿತ್ರ ತೋರಿಸಿದಳು. “ನೋಡಿ ಮೇಡಂ, ಪೂರ್ತಿ ಕಂದು ಬಣ್ಣ. ಒಂದು ಮರಾನೂ ಇಲ್ಲ. ಇದನ್ನ ಹಸಿರು ಮಾಡಬೇಕು ಅಂತ ನಮ್ಮ ಆಸೆ.”

ಚಿತ್ರದಲ್ಲಿ ಅದು ಒಣಗಿದ ಚರ್ಮದ ಹಾಗೆ ಕಾಣುತ್ತಿತ್ತು. ಅಷ್ಟು ವರ್ಷ ಬಸ್ಸಿನ ಕಿಟಕಿಯಿಂದ ನಾನು ನೋಡಿದ್ದೂ ಹಾಗೆಯೇ. ನಾನು ಕಲಿಸುವ ಪುಸ್ತಕದಲ್ಲಿ ಕಾಡೆಂದರೆ ಮರ, ಮರವೆಂದರೆ ಮಳೆ. ಮರವಿಲ್ಲದ ಜಾಗ ಎಂದರೆ ಏನೋ ಕಳೆದುಕೊಂಡ ಜಾಗ. ಬೇರೆ ಯೋಚನೆ ನನಗೆ ಹೊಳೆಯಲಿಲ್ಲ. ಊರಿನ ಒಂದು ಸಂಸ್ಥೆಯೇ ಮುಂದೆ ಬಂದು ಬೇಡಿಕೆ ಇಟ್ಟರೆ ಪಂಚಾಯ್ತಿಯಿಂದ ಒಪ್ಪಿಗೆ ಸುಲಭ ಎಂದು ಯುವಕ ಹೇಳಿದ. ಹಾಗಾಗಿ ಶಾಲೆಯಿಂದ ಅರ್ಜಿ.

ನಾನು ಬರೆದೆ: “ನಮ್ಮ ಶಾಲೆಯ ಸಮೀಪದಲ್ಲಿ ಯಾರ ಉಪಯೋಗಕ್ಕೂ ಬಾರದೆ ಪಾಳುಬಿದ್ದಿರುವ ಬರಡು ಭೂಮಿಯನ್ನು ಮಕ್ಕಳ ಭವಿಷ್ಯದ ದೃಷ್ಟಿಯಿಂದ ಹಸಿರಾಗಿಸಲು ಅನುವು ಮಾಡಿಕೊಡಬೇಕೆಂದು ಕೋರುತ್ತೇವೆ.”

ಈ ಸಾಲು ಬರೆಯುತ್ತಿದ್ದಾಗಲೇ ಅಡಿಗೆಯ ಅಕ್ಕ ಒಂದು ತಟ್ಟೆಯಲ್ಲಿ ಅನ್ನ ಸಾಂಬಾರು ತಂದು ನನ್ನ ಮೇಜಿನ ಮೇಲಿಟ್ಟಳು. ಮಕ್ಕಳಿಗೆ ಬಡಿಸುವ ಮೊದಲು ಯಾರಾದರೊಬ್ಬ ಶಿಕ್ಷಕರು ರುಚಿ ನೋಡಬೇಕು, ಅದು ನಿಯಮ. ನಾನು ಎಡಗೈಯಿಂದ ಹಾಳೆ ಸರಿಸಿ ಎರಡು ತುತ್ತು ತಿಂದು, “ಉಪ್ಪು ಸರಿಯಾಗೈತೆ ಅಕ್ಕಾ” ಎಂದೆ. ಆಕೆ ತಟ್ಟೆ ತೆಗೆದುಕೊಂಡು ಹೋದಳು. ನಾನು ಸಹಿಯ ಜಾಗ ಬಿಟ್ಟು ಅರ್ಜಿ ಮುಗಿಸಿದೆ. ಆ ಭೂಮಿಯ ಅಂಚಿನಲ್ಲೇ ಬಾಳುವವಳು ನನ್ನ ಎದುರಿಗೇ ನಿಂತಿದ್ದಳು, ನಾನು ಅವಳನ್ನು ಒಂದು ಮಾತು ಕೇಳಲಿಲ್ಲ.

ಜೂನ್ ತಿಂಗಳಲ್ಲಿ ಗಿಡ ನೆಟ್ಟೆವು. ಮೂರು ದಿನ ಮೊದಲೇ ಜೆಸಿಬಿ ಬಂದು ಸಾಲಾಗಿ ಗುಂಡಿ ತೋಡಿತ್ತು. ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದಿದ್ದರು. ಮಕ್ಕಳಿಗೆಲ್ಲ ಹಸಿರು ಟೋಪಿ. ಹೊಂಗೆ, ಬೇವು, ನೇರಳೆ, ಇನ್ನೂ ಹೆಸರು ಗೊತ್ತಿಲ್ಲದ ಎರಡು ಮೂರು ಬಗೆಯ ಸಸಿಗಳು ಲಾರಿಯಲ್ಲಿ ಬಂದವು. ಗಾಳಿ ಎಷ್ಟು ಜೋರಿತ್ತೆಂದರೆ ಬ್ಯಾನರ್ ಹಿಡಿದುಕೊಳ್ಳಲು ಇಬ್ಬರು ಬೇಕಾದರು. ನಾನು ಮೈಕಿನಲ್ಲಿ ಮಾತಾಡಿದೆ. ಒಂದು ಮರ ಎಷ್ಟು ಜನಕ್ಕೆ ಉಸಿರು ಕೊಡುತ್ತದೆ ಎಂದೆಲ್ಲ ಹೇಳಿದೆ. ತಂತಿಯ ಆಚೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಏಳೆಂಟು ಜನ ನಿಂತು ನೋಡುತ್ತಿದ್ದರು. ಅವರ ಹಿಂದೆ ಕುರಿಗಳು. ಕಾರ್ಯಕ್ರಮ ನೋಡಲು ಬಂದಿದ್ದಾರೆ ಎಂದುಕೊಂಡು ನಾನು ಅವರ ಕಡೆಗೂ ಒಮ್ಮೆ ಕೈಮುಗಿದೆ. ಯಾರೂ ಕೈಮುಗಿಯಲಿಲ್ಲ. ಗಾಳಿಯ ಧೂಳಿಗೆ ಕಾಣಿಸಲಿಲ್ಲವೇನೋ ಎಂದುಕೊಂಡೆ.

ಆ ವರ್ಷ ತಾಲ್ಲೂಕಿನಲ್ಲಿ ನಮ್ಮ ಶಾಲೆಗೆ ಒಂದು ಬಹುಮಾನ ಬಂತು. ನನಗೆ ಶಾಲು ಹೊದಿಸಿದರು. ಮೊಳಕಾಲ್ಮೂರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ.

ದಸರಾ ರಜೆ ಮುಗಿದು ಶಾಲೆ ಶುರುವಾದ ಒಂದೆರಡು ವಾರಕ್ಕೆ ಅಡಿಗೆಮನೆಯಲ್ಲಿ ಏನೋ ಬದಲಾಗಿದೆ ಅನ್ನಿಸಿತು. ಏನೆಂದು ತಕ್ಷಣ ತಿಳಿಯಲಿಲ್ಲ. ಅನ್ನ ಬೇಯುತ್ತಿತ್ತು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಆಕೆಯ ಕೈ ಸುಮ್ಮನಿದ್ದದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

“ಏನಕ್ಕಾ, ನೂಲು ತೆಗೆಯೋದು ಬಿಟ್ಟಿಯಾ?”

“ಕುರಿ ಇಲ್ಲ ಮೇಡಂ. ಕೊಟ್ಬಿಟ್ವಿ.”

“ಎಲ್ಲಾನೂ?”

“ಹೂಂ. ಗಣೇಶನ ಹಬ್ಬದ ಮುಂದೆ.”

“ಯಾಕೆ?”

ಆಕೆ ನನ್ನ ಮುಖ ನೋಡಿದಳು. ಅದು ಸಿಟ್ಟಿನ ನೋಟವಲ್ಲ. ಇವಳಿಗೆ ನಿಜವಾಗಿಯೂ ಗೊತ್ತಿಲ್ಲವೇ ಎಂದು ನೋಡುವ ನೋಟ. ಆಮೇಲೆ ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವಷ್ಟು ತಾಳ್ಮೆಯಿಂದ ಹೇಳಿದಳು.

“ಮಳೆಗಾಲ್ದಾಗೆ ಹೊಲದಾಗೆಲ್ಲ ಬೆಳೆ ನಿಂತಿರ್ತೈತಲ್ಲ ಮೇಡಂ, ಶೇಂಗಾ, ಸಜ್ಜೆ. ಆವಾಗ ಕುರಿ ಹೊಲಕ್ಕೆ ಬಿಡಂಗಿಲ್ಲ. ಕಾವಲಿಗೇ ಹೋಗ್ಬೇಕು. ಮೊದ್ಲು ದೊಡ್ಡ ಕಾವಲಿತ್ತು. ಅದಕ್ಕೆ ಗೋಡೆ ಬಂತು. ಉಳಿದಿದ್ದು ಈ ತುಂಡು. ಇದಕ್ಕೆ ತಂತಿ ಬಂತು. ಕುರಿ ಎಲ್ಲಿ ಹೊಡ್ಕಂಡು ಹೋಗಾಣ?”

“ಆದ್ರೆ ಅಲ್ಲಿ ಹುಲ್ಲೇ ಇರಲಿಲ್ಲವಲ್ಲ ಅಕ್ಕಾ, ಬೇಸಿಗೇಲಿ ನೋಡಿದೀನಲ್ಲ ನಾನು.”

“ಬೇಸಿಗೇಲಿ ನೋಡಿದ್ರೆ ಹೆಂಗ್ ಕಾಣ್ತೈತೆ ಮೇಡಂ? ಬೇರು ಒಳಗೆ ಇರ್ತೈತೆ. ಎರಡು ಹದ ಮಳೆ ಬಿದ್ರೆ ಸಾಕು, ಮೊಣಕಾಲುದ್ದ ಬರ್ತೈತೆ.”

ಬೇರಿನ ಬಗ್ಗೆ ಒಂಬತ್ತನೇ ತರಗತಿಗೆ ಪಾಠ ಮಾಡುವವಳು ನಾನು.

ಆಕೆಯ ಗಂಡನಿಗೆ ಕೆಲಸ ಸಿಕ್ಕಿತ್ತು. ಏನು ಕೆಲಸವೆಂದರೆ, ಅದೇ ತಂತಿಬೇಲಿಯ ವಾಚ್‌ಮನ್. ಗಿಡ ನೆಡಿಸಿದ ಸಂಸ್ಥೆಯ ಗುತ್ತಿಗೆದಾರ ಒಂದು ಖಾಕಿ ಅಂಗಿ, ಒಂದು ಸೀಟಿ ಕೊಟ್ಟು ಅವನನ್ನು ಇಟ್ಟುಕೊಂಡಿದ್ದ. ಕುರಿಯ ಸ್ವಭಾವ ಬಲ್ಲವನಾದರೆ ಕುರಿ ಎಲ್ಲಿ ನುಗ್ಗುತ್ತದೆಂದು ಅವನಿಗೇ ಚೆನ್ನಾಗಿ ಗೊತ್ತಿರುತ್ತದೆ ಎನ್ನುವುದು ಗುತ್ತಿಗೆದಾರನ ಯೋಚನೆ. ಅದು ಸರಿಯಾಗಿಯೇ ಇತ್ತು.

ಅವನ ಅಣ್ಣ ಇನ್ನೂ ಕುರಿ ಮಾರಿರಲಿಲ್ಲ. ಒಂದು ದಿನ ಬೆಳಿಗ್ಗೆ ಹಳ್ಳದ ಕಡೆಯಿಂದ, ಕೆಳಗಿನ ತಂತಿ ಸಡಿಲವಿದ್ದ ಜಾಗದಲ್ಲಿ, ಅಣ್ಣನ ಕುರಿಗಳು ಒಳಗೆ ನುಗ್ಗಿದವು. ತಮ್ಮ ಸೀಟಿ ಊದಿದ. ಕೋಲು ಹಿಡಿದು ಓಡಿಸಿದ. ಮುಂದಿನ ಕುರಿಗಳು ಬಂದ ದಾರಿಯಲ್ಲೇ ಹೊರಬಿದ್ದವು. ಹಿಂದಿನವು ಗಾಬರಿಯಾಗಿ ಅಡ್ಡಾದಿಡ್ಡಿ ತಂತಿಗೇ ಬಿದ್ದವು. ಗಬ್ಬದ ಕುರಿಯೊಂದು ಮುಳ್ಳಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಒದ್ದಾಡಿ ಒದ್ದಾಡಿ ಹೊಟ್ಟೆ ಹರಿದುಕೊಂಡಿತು. ಅಣ್ಣ ತಮ್ಮಂದಿರಿಬ್ಬರೂ ಸೇರಿಯೇ ತಂತಿ ಕತ್ತರಿಸಿ ಅದನ್ನು ಹೊರಗೆಳೆದರಂತೆ. ಕುರಿ ಸತ್ತಮೇಲೆ ಅಣ್ಣ ಎದ್ದು ನಿಂತು, “ಲೇ, ನಿನ್ ಕೈಗೆ ಸೀಟಿ ಕೊಟ್ಟೋರು ನಾಳೆ ಕೋವಿ ಕೊಟ್ರೂ ಹೊಡೀತೀಯಾ ನೀನು” ಎಂದು ಹೇಳಿ ಹೋದನಂತೆ. ಹಟ್ಟಿಯಲ್ಲಿ ಇಬ್ಬರ ಮನೆಗೂ ಗೋಡೆ ಒಂದೇ. ಅವತ್ತಿನಿಂದ ಮಾತಿಲ್ಲ.

ಅಕ್ಕ ಇದನ್ನು ಹೇಳುವಾಗ ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಆಕೆ ಬೇಳೆಯ ನೊರೆ ತೆಗೆಯುತ್ತಾ ಹೇಳಿದಳು. ಕೊನೆಗೆ ಹೇಳಲೇಬೇಕಾಯಿತು.

“ಅಕ್ಕಾ, ಆ ಜಾಗ ಬರಡು ಅಂತ ಅರ್ಜಿ ಬರೆದವಳು ನಾನೇ.”

“ಗೊತ್ತು ಮೇಡಂ.”

“ಯಾವಾಗಿಂದ?”

“ಗಿಡ ನೆಟ್ಟಾಗ್ಲೇ ಗೊತ್ತಾತು. ಪಂಚಾಯ್ತಿಯಾಗೆ ಓದಿ ಹೇಳಿದ್ರಂತೆ. ಮೇಡಂ ಬಲು ಚಂದ ಬರ್ದವ್ರೆ ಅಂದ್ರಂತೆ.”

“ನನ್ನನ್ನ ಕೇಳಬಹುದಿತ್ತಲ್ಲ ನೀನು?”

“ನಾನೇನ್ ಕೇಳಾಣ? ನೀವು ಕೇಳ್ಬೋದಿತ್ತು. ದಿನಾ ಇಲ್ಲಿಗೆ ಬರ್ತಿದ್ರಿ. ಸಿಪ್ಪೆ ಎಲ್ಲಾಕಿದೆ ಅಂತ ಕೇಳ್ತಿದ್ರಿ, ಗ್ಯಾಸು ಯಾಕ್ ದೊಡ್ದು ಮಾಡಿದೆ ಅಂತ ಕೇಳ್ತಿದ್ರಿ. ಇದೊಂದು ಕೇಳ್ಲಿಲ್ಲ.” ಬೇಳೆಯ ಪಾತ್ರೆಗೆ ತಟ್ಟೆ ಮುಚ್ಚಿ, “ಹೋಗ್ಲಿ ಬಿಡ್ರಿ. ನೀವು ಬರೀದಿದ್ರೆ ಇನ್ಯಾರೋ ಬರೀತಿದ್ರು” ಎಂದಳು.

ಇದು ಸಮಾಧಾನದ ಮಾತೆಂದು ಆಕೆ ಹೇಳಿದ್ದು. ಇಂದಿಗೂ ನನಗೆ ಅದರಿಂದ ಸಮಾಧಾನವಾಗಿಲ್ಲ.

ಮುಂದಿನ ಭಾನುವಾರ ನಾನು ಆ ಜಾಗಕ್ಕೆ ಹೋದೆ. ಅಕ್ಕನ ಗಂಡ ಗೇಟಿನ ಬಳಿ ಖಾಕಿ ಅಂಗಿಯಲ್ಲಿ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಒಳಗೆ ಕರೆದುಕೊಂಡು ಹೋಗಲು ಹೇಳಿದೆ. ಎರಡು ತಿಂಗಳು ಟ್ಯಾಂಕರಿನಲ್ಲಿ ನೀರು ಬಂದಿತ್ತಂತೆ, ಆಮೇಲೆ ನಿಂತಿತಂತೆ. ಸಾಲುಸಾಲಾಗಿ ಒಣಗಿದ ಕಡ್ಡಿಗಳು. ನಮ್ಮ ಶಾಲೆಯ ಮಕ್ಕಳು ಒಂದೊಂದು ಸಸಿಗೆ ತಮ್ಮ ಹೆಸರಿನ ಚೀಟಿ ಕಟ್ಟಿದ್ದರು. ಕೆಲವು ಚೀಟಿಗಳು ಮಾತ್ರ ಇನ್ನೂ ಗಾಳಿಗೆ ಆಡುತ್ತಿದ್ದವು. ಆದರೂ ಜಾಗ ಹಸಿರಾಗಿಯೇ ಇತ್ತು. ಜೆಸಿಬಿ ಎಲ್ಲೆಲ್ಲಿ ಮಣ್ಣು ಬಗೆದಿತ್ತೋ ಅಲ್ಲೆಲ್ಲ ಬಳ್ಳಾರಿ ಜಾಲಿ ಎದ್ದಿತ್ತು. ನಮ್ಮ ಸೀಮೆಯಲ್ಲಿ ಅದನ್ನು ಯಾರೂ ನೆಡುವುದಿಲ್ಲ, ತಾನೇ ಬರುತ್ತದೆ. ಬಂದಮೇಲೆ ಬೇರೇನನ್ನೂ ಬೆಳೆಯಗೊಡುವುದಿಲ್ಲ.

“ಇಲ್ಲಿ ಕರಡದ ಹುಲ್ಲು ಬರ್ತಿತ್ತು” ಎಂದು ಅವನು ನೆಲ ತೋರಿಸಿದ. “ಆ ಕಡೆ ಹಂಚಿ ಹುಲ್ಲು. ಹಳ್ಳದ ದಂಡೆಗೆ ಗರಿಕೆ. ಯಾವ ತಿಂಗಳು ಯಾವ ಕಡೆ ಬಿಡ್ಬೇಕು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದ. ಗೌಜಲಕ್ಕಿ ಮೊಟ್ಟೆ ಇಡೋ ಟೈಮಲ್ಲಿ ಇಲ್ಲಿ ಬಿಡ್ತಿರ್ಲಿಲ್ಲ ನಾವು.”

“ಈಗ ಬೇಲಿ ತೆಗೆದರೆ ಹುಲ್ಲು ಬರ್ತೈತಾ?”

ಅವನು ಕಾಲಿನಿಂದ ಗುಂಡಿಯ ಪಕ್ಕದ ಮಣ್ಣು ಕೆದಕಿದ. ಸುಣ್ಣಕಲ್ಲಿನ ಬಿಳಿ ಚೂರುಗಳು ಮೇಲೆ ಬಂದಿದ್ದವು. “ಕೆಳಗಿನ ಮಣ್ಣು ಮ್ಯಾಲೆ ಬಂದೈತೆ ಮೇಡಂ. ಬರಾದು ಕಷ್ಟ” ಎಂದ. ಆಮೇಲೆ, “ನಾ ಹಿಂಗಂದೆ ಅಂತ ಅವರಿಗೆ ಹೇಳ್ಬೇಡ್ರಿ. ಕೆಲ್ಸ ಹೋಗ್ತೈತೆ” ಎಂದ.

ಅದೇ ತಿಂಗಳಲ್ಲಿ ಮೊಳಕಾಲ್ಮೂರಿಗೆ ಹೋಗಿದ್ದೆ. ಅವ್ವ ಬಾಗಿಲಲ್ಲೇ, “ಏಮೇ, ಇಂತ ಎಂಡಲೋ ವಚ್ಚಿನಾವಾ” ಎಂದು ಮನೆಮಾತು ತೆಲುಗಿನಲ್ಲಿ, ಇಂಥ ಬಿಸಿಲಲ್ಲಿ ಬಂದೆಯಾ ಎಂದು ಗದರಿ ಒಳಗೆ ಕರೆದಳು. ನನ್ನ ತಮ್ಮ ಗುಂಡಿಮಗ್ಗದಲ್ಲಿ ಕೂತು ರೇಷ್ಮೆ ಸೀರೆಯ ಅಂಚು ನೇಯುತ್ತಿದ್ದ. ಎರಡು ವರ್ಷದ ಹಿಂದೆ ಅವನ ಮೇಲೂ ನಾನು ನನ್ನ ಹಸಿರು ಹೇರಿದ್ದೆ. ರಾಸಾಯನಿಕ ಬಣ್ಣ ಬೇಡ, ದಾಳಿಂಬೆ ಸಿಪ್ಪೆ, ಮಂಜಿಷ್ಠದ ಬಣ್ಣದಲ್ಲಿ ನೇಯಿ, ಈಗ ಅದಕ್ಕೇ ಬೇಡಿಕೆ ಎಂದು ತಲೆ ತಿಂದಿದ್ದೆ. ಅವನು ಪಾಪ ಎರಡು ಸೀರೆ ಹಾಗೆ ನೇಯ್ದಿದ್ದ. ಅಂಗಡಿಯವರು ಬಣ್ಣ ಒಂದೇ ಸಮ ಇಲ್ಲವೆಂದು ವಾಪಸು ಕಳಿಸಿದ್ದರು. ಒಂದನ್ನು ಅವ್ವ ಉಡುತ್ತಿದ್ದಳು, ಇನ್ನೊಂದು ನನ್ನ ಪೆಟ್ಟಿಗೆಯಲ್ಲಿತ್ತು.

ಅವನಿಗೆ ಕಾವಲಿನ ಕಥೆಯೆಲ್ಲ ಹೇಳಿದೆ. ಲಾಳಿ ನಿಲ್ಲಿಸಿ ಕೇಳಿದ.

“ಅಕ್ಕಾ, ಮೊನ್ನೆ ನಮ್ಮ ಹತ್ರಾನೂ ಹಿಂಗೇ ಪರಿಸರದೋರು ಯಾರೋ ಬಂದಿದ್ರು” ಎಂದ. “ನಿಮ್ಮ ಮಗ್ಗ ಪರಿಸರಕ್ಕೆ ಒಳ್ಳೇದು ಅಂತ ಒಂದು ಚೀಟಿ ಬೇಕಂತೆ, ಸೀರೆಗೆ ಹಚ್ಚೋಕೆ. ಅದಿಲ್ದಿದ್ರೆ ದೊಡ್ಡ ಅಂಗಡೀಲಿ ತಗೊಳಲ್ವಂತೆ. ಚೀಟಿ ಬೇಕಂದ್ರೆ ಕಂಪ್ಯೂಟರಲ್ಲಿ ಏನೇನೋ ತುಂಬಬೇಕಂತೆ. ಕರೆಂಟೇ ಇಲ್ಲದ ಮಗ್ಗ ಇದು. ತಾತನ ಕಾಲದಿಂದ ಕಾಲಲ್ಲೇ ತುಳೀತಾ ಇದೀವಿ. ಇದು ಒಳ್ಳೇದು ಅಂತ ನಾವು ಸಾಬೀತು ಮಾಡ್ಬೇಕಂತೆ. ಮಿಷನ್ನಲ್ಲಿ ನೇಯ್ದೋರು ಆಗ್ಲೇ ಚೀಟಿ ತಗೊಂಡವ್ರೆ.”

“ನೀನು ತುಂಬಿದ್ಯಾ?”

“ಇಲ್ಲ. ನೀನು ತುಂಬಿಕೊಡು ಅಂತ ಕೇಳ್ಬೇಕು ಅಂತಿದ್ದೆ. ನಿನಗೆ ಈ ಭಾಷೆ ಬರ್ತದಲ್ಲ” ಎಂದ. ಚುಚ್ಚಿ ಹೇಳಿದ್ದಲ್ಲ, ಸಹಜವಾಗಿಯೇ ಕೇಳಿದ್ದ.

ಅಲ್ಲಿಂದ ಬಂದಮೇಲೆ ತಪ್ಪು ಸರಿಪಡಿಸಲು ಹೊರಟೆ. ಮೊದಲು ಆ ಸಂಸ್ಥೆಯ ಯುವತಿಗೆ ಫೋನ್ ಮಾಡಿದೆ. ಆಕೆ ಒಳ್ಳೆಯವಳೇ. ಪೂರ್ತಿ ಕೇಳಿದಳು. “ಮೇಡಂ, ನಿಮ್ಮ ಮಾತು ಅರ್ಥವಾಗುತ್ತೆ. ಆದರೆ ಕಂಪನಿಗೆ ನಾವು ಫೋಟೋ ಕಳಿಸಬೇಕು. ಆಕಾಶದಿಂದ ತೆಗೆದ ಹೊಸ ಚಿತ್ರದಲ್ಲಿ ಜಾಗ ಹಸಿರಾಗಿ ಬಂದಿದೆ. ಅವರಿಗೆ ತುಂಬಾ ಸಂತೋಷವಾಗಿದೆ” ಎಂದಳು.

“ಅದು ಜಾಲಿ ಕಣಮ್ಮಾ.”

“ಚಿತ್ರದಲ್ಲಿ ಅದು ಗೊತ್ತಾಗಲ್ಲ ಮೇಡಂ” ಎಂದಳು. ಅವಳ ದನಿಯಲ್ಲೂ ನಾಚಿಕೆಯಿತ್ತು.

ಪಂಚಾಯ್ತಿಯಲ್ಲಿ ಬೇಲಿ ತೆಗೆಸುವ ಅಧಿಕಾರ ತಮಗಿಲ್ಲ, ಮೇಲಿನವರನ್ನು ಕೇಳಿ ಎಂದರು. ತಾಲ್ಲೂಕು ಕಚೇರಿಗೆ ಮೂರು ಸಲ ಹೋದಮೇಲೆ ಒಬ್ಬ ಅಧಿಕಾರಿ ಕೂರಿಸಿ ಮಾತಾಡಿಸಿದರು. “ಮೇಡಂ, ನೀವು ಪರಿಸರ ಸಂಘದವರು. ಗಿಡ ತೆಗೆಸಿ ಅಂತ ಅರ್ಜಿ ಕೊಟ್ರೆ ನಾನು ಮೇಲೆ ಏನಂತ ಬರೀಲಿ? ನಾಳೆ ಪೇಪರಿನಲ್ಲಿ ಬಂದ್ರೆ ಇಬ್ಬರಿಗೂ ಚೆನ್ನಾಗಿರಲ್ಲ” ಎಂದರು. ಗಿಡ ಸತ್ತಿವೆ ಎಂದೆ. “ಹಾಗಾದ್ರೆ ಮತ್ತೆ ನೆಡಿಸೋಣ” ಎಂದು ತಕ್ಷಣ ಹೇಳಿದರು. ನನ್ನ ಹೊಸ ಅರ್ಜಿಯನ್ನು ತೆಗೆದುಕೊಂಡರು. ಅದಕ್ಕೆ ಉತ್ತರ ಬರಲಿಲ್ಲ.

ಉತ್ತರದ ಬದಲಿಗೆ ಎರಡನೇ ಹಂತ ಬಂತು. ಮೊದಲನೆಯದು ಇಷ್ಟು ಚೆನ್ನಾಗಿ ಆದದ್ದರಿಂದ ಕಾವಲಿನ ಇನ್ನೊಂದು ತುಂಡನ್ನೂ ಹಸಿರು ಮಾಡುವುದೆಂದು ಕಂಪನಿ ತೀರ್ಮಾನಿಸಿತ್ತು. ಮುಖ್ಯೋಪಾಧ್ಯಾಯರು ಮತ್ತೆ ಬಿಳಿ ಹಾಳೆ ತಂದರು. ಬರೆಯುವುದಿಲ್ಲ ಎಂದೆ. ಅವರಿಗೆ ಬೇಸರವಾಯಿತು, ಜಗಳವಾಡಲಿಲ್ಲ. ಹೊಸದಾಗಿ ಬಂದಿದ್ದ ಸಮಾಜ ವಿಜ್ಞಾನದ ಮೇಷ್ಟ್ರಿಗೆ ಸಂಘದ ಹೊಣೆ ವಹಿಸಿದರು. ಅವರು ಕಷ್ಟಪಡಲೂ ಇಲ್ಲ. ಹಳೆಯ ಕಡತದಿಂದ ನನ್ನ ಅರ್ಜಿ ತೆಗೆದು, ಸರ್ವೆ ನಂಬರು ಮತ್ತು ದಿನಾಂಕ ಬದಲಿಸಿ ಟೈಪು ಮಾಡಿಸಿದರು.

ಆ ವಿಷಯ ಗ್ರಾಮಸಭೆಗೆ ಬರುವುದೆಂದು ತಿಳಿದು ನಾನು ಹೋದೆ. ರಜೆ ಹಾಕಿ, ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಹೋದೆ. ಸಮುದಾಯ ಭವನದ ತುಂಬ ಜನ. ಗಂಡಸರು ಮುಂದೆ, ಹೆಂಗಸರು ಗೋಡೆಯ ಪಕ್ಕ. ಅಡಿಗೆಯ ಅಕ್ಕ ಎರಡನೇ ಸಾಲಿನಲ್ಲಿದ್ದಳು. ಓದಿದ್ದು ನನ್ನದೇ ಸಾಲು. “ಯಾರ ಉಪಯೋಗಕ್ಕೂ ಬಾರದೆ ಪಾಳುಬಿದ್ದಿರುವ...” ಓದಿದವರು ಆ ಪದಗಳ ಮೇಲೆ ಒತ್ತು ಕೊಟ್ಟು ಓದಿದರು. ನಾನು ಎದ್ದು ನಿಂತೆ.

“ಆ ಭೂಮಿ ಬರಡಲ್ಲ. ಅದು ಹುಲ್ಲುಗಾವಲು. ಹುಲ್ಲುಗಾವಲಿನಲ್ಲಿ ಮರ ಇರಬೇಕಿಲ್ಲ. ನಿಮಗೆ ನಾನು ಹೇಳಬೇಕಾಗಿಲ್ಲ, ನಿಮ್ಮ ಹಿರಿಯರಿಗೇ ಗೊತ್ತಿತ್ತು. ಈ ತುಂಡೂ ಹೋದರೆ ಕುರಿ ದನಕ್ಕೆ ಏನೂ ಉಳಿಯಲ್ಲ. ದಯವಿಟ್ಟು ಒಪ್ಪಿಗೆ ಕೊಡಬೇಡಿ” ಎಂದೆ. ಇನ್ನೂ ಹೇಳುವುದಿತ್ತು. ಮುಂದಿನ ಸಾಲಿನಿಂದ ಒಬ್ಬ ಎದ್ದ. ಅವನೇ ಅಕ್ಕನ ಗಂಡನ ಅಣ್ಣನೆಂದು ಪಕ್ಕದವರು ಹೇಳಿದಮೇಲೆ ತಿಳಿಯಿತು. ಅವನ ಹೆಗಲ ಮೇಲೆ ಕಂಬಳಿ ಇರಲಿಲ್ಲ, ಟವೆಲ್ ಇತ್ತು.

“ಮೇಡಂ, ತಪ್ಪು ತಿಳ್ಕಬೇಡ್ರಿ. ಮೊದ್ಲು ಬರಡು ಅಂತ ಬರ್ದೋರೂ ನೀವೇ ಅಲ್ವೇನ್ರಿ?”

ಹೌದು ಎಂದೆ.

“ಆವಾಗ ನಾವು ಕೂಗಾಡಿದ್ವಿ, ಯಾರೂ ಕೇಳ್ಲಿಲ್ಲ. ನಂದೂ ಕುರಿ ಹೋದ್ವು. ಈಗ ಗುಂಡಿ ತೆಗೆಯೋ ಕೆಲ್ಸ ಐತೆ, ನೀರು ಹಾಕೋದು ಐತೆ, ಕಾಯೋದು ಐತೆ ಅಂತವ್ರೆ. ಈಗ ಬಂದು ಬ್ಯಾಡ ಅಂತೀರಿ. ಕೆಲ್ಸಕ್ಕೆ ಅಡ್ಡ ಬರ್ಬೇಡ್ರಿ ಮೇಡಂ.”

ಯಾರೋ ಚಪ್ಪಾಳೆ ತಟ್ಟಿದರು. ಒಪ್ಪುವವರು ಕೈಯೆತ್ತಿ ಎಂದಾಗ ಹೆಚ್ಚುಕಡಿಮೆ ಎಲ್ಲ ಕೈಗಳೂ ಮೇಲೆದ್ದವು. ನಾನು ಹೆಂಗಸರ ಕಡೆ ನೋಡಿದೆ. ಅಡಿಗೆಯ ಅಕ್ಕ ಸೆರಗು ಸರಿಮಾಡಿಕೊಂಡು, ನನ್ನ ಕಡೆ ನೋಡದೆ, ಕೈ ಎತ್ತಿದಳು.

ಮಾರನೆಯ ದಿನ ನಾನು ಅಡಿಗೆಮನೆಗೆ ಹೋಗಬಾರದೆಂದುಕೊಂಡಿದ್ದೆ. ರುಚಿ ನೋಡುವ ಸರದಿ ನನ್ನದೇ ಇತ್ತು. ಆಕೆ ತಟ್ಟೆ ಕೊಟ್ಟಳು. ತಿಂದೆ. ಕೇಳದೆ ಇರಲು ಆಗಲಿಲ್ಲ.

“ಅಕ್ಕಾ, ನೀನೂ ಕೈ ಎತ್ತಿದೆಯಲ್ಲ?”

“ಎತ್ತಿದೆ ಮೇಡಂ. ನನ್ ಭಾವನಿಗೆ ಅಲ್ಲಿ ಕಾಯೋ ಕೆಲ್ಸ ಕೊಡ್ತೀನಂದವ್ರೆ. ಅದಾದ್ರೂ ಸಿಕ್ರೆ ಮನೆ ಮನೆ ಮಧ್ಯ ಮಾತು ಬರ್ತೈತೇನೋ ಅಂತ.”

“ಹುಲ್ಲು ಹೋಗ್ತೈತಲ್ಲ ಅಕ್ಕಾ. ಬೇರು ಒಳಗಿರ್ತೈತೆ ಅಂತ ನೀನೇ ಹೇಳಿದ್ದೆ.”

“ಹೇಳಿದ್ದೆ. ಕುರೀನೇ ಇಲ್ಲದ ಮ್ಯಾಲೆ ಹುಲ್ಲು ಇಟ್ಕಂಡು ಏನ್ ಮಾಡಾಣ ಮೇಡಂ?” ಎಂದಳು. ನನ್ನ ಹತ್ತಿರ ಅದಕ್ಕೆ ಉತ್ತರವಿತ್ತು. ಹಕ್ಕಿಗಳ ಬಗ್ಗೆ, ಮಣ್ಣಿನ ಬಗ್ಗೆ, ಮುಂದಿನವರ ಬಗ್ಗೆ ಹೇಳಬಹುದಿತ್ತು. ಎಲ್ಲವೂ ಸರಿಯಾದ ಮಾತುಗಳೇ. ಆಕೆಗೆ ಹೇಳುವ ಮುಖ ನನಗಿರಲಿಲ್ಲ.

ಈ ಜೂನಿನಲ್ಲಿ ಎರಡನೇ ತುಂಡಿಗೂ ತಂತಿ ಬಿತ್ತು. ಮಕ್ಕಳನ್ನು ಹೊಸ ಮೇಷ್ಟ್ರು ಕರೆದುಕೊಂಡು ಹೋದರು. ಒಂದು ಕಡೆ ತಮ್ಮ, ಇನ್ನೊಂದು ಕಡೆ ಅಣ್ಣ ಕಾಯುತ್ತಾರೆ, ಇಬ್ಬರಿಗೂ ಒಂದೇ ಬಣ್ಣದ ಅಂಗಿ. ಮಾತು ಬಂತೇ ಎಂದು ಒಮ್ಮೆ ಅಕ್ಕನನ್ನು ಕೇಳಿದೆ. ಇಲ್ಲವೆಂದು ತಲೆಯಾಡಿಸಿ, ಬಡಿಸುವ ಸೌಟು ತೆಗೆದುಕೊಂಡು ಮಕ್ಕಳ ಸಾಲಿನ ಕಡೆ ಹೋದಳು.